ಪವರ್ ಇಲ್ಲದ ಗಾಜು

೩ ಮಾರ್ಚ್ ೧೯೬೪, ಮಂಗಳವಾರ

…ಎಲ್ಲಿಂದ ತಂದ್ರೋ ಆ ರಕ್ತಾನ ಅಲ್ಲಿಗೇ ಕಳಿಸಿ — ಹೀಗೇ ಅಂದಿದ್ದಳೇ? ಇಲ್ಲ, ಯಾರ ಮನೆ ರಕ್ತವೋ ಅವರ ಮನೆಗೇ ಓಗ್ಲಿ ಅಂದಿದ್ದಳೇ? ಸರಿಯಾಗಿ ನೆನಪಿಲ್ಲ. ಹದಿಮೂರು ವರ್ಷ. ಮಾತು ಸವೆದಿದೆ. ದನಿ ಸವೆದಿಲ್ಲ. ಅಂಗಡಿಯಲ್ಲಿ ಲೆನ್ಸಿನ ಅಂಚು ಉಜ್ಜುತ್ತ ಕೂತಿದ್ದೆ. ಅದೇ ದನಿ ಬಾಗಿಲಲ್ಲಿ ಕೇಳಿತು. ಚಕ್ರ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮಾತಾಡಬೇಕಾಗುತ್ತಿತ್ತು.

ಮುತ್ಯಾಲಮ್ಮತ್ತೆ. ಅಪ್ಪನ ಒಡಹುಟ್ಟಿದ ತಂಗಿ. ಅವಳ ಮಗ ಶ್ರೀರಾಮಪ್ಪನಿಗೇ ನಮ್ಮ ಅಕ್ಕನನ್ನು ಕೊಟ್ಟಿದ್ದು. ಆಮೇಲೆ ಅಕ್ಕನನ್ನೂ ಅಕ್ಕನ ಮಗ ಕೋದಂಡನನ್ನೂ ಕ್ಯಾಸಂಬಳ್ಳಿಯ ಮನೆಯಿಂದ ಆಚೆ ಹಾಕಿದವಳು. ಏನೂ ನಡೆದೇ ಇಲ್ಲವೆಂಬಂತೆ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಜೊತೆಗೆ ಲಂಗ ತೊಟ್ಟ ಹುಡುಗಿ.

"ಏನ್ಲಾ ಚಿಕ್ಕಮುನಿ, ತಲೆ ಎಲ್ಲಾ ಬೆಳ್ಳಗಾಗೋಯ್ತು. ಮದ್ವೆ ಆಗ್ದಿದ್ರೂ ಬೆಳ್ಳಗಾಯ್ತದಾ?"

"ಏನು ಬೇಕಾಗಿತ್ತು ನಿಮಗೆ?"

"ನಿಮಗೆ ಅಂತೆ. ಅತ್ತೇನ ನಿಮಗೆ ಅಂತಾನೆ. ದೊಡ್ಡ ಆಪೀಸ್ರು ಆಗೋದೆ ಬಿಡು."

ಬಹುವಚನ ನಾನು ಗಿರಾಕಿಗಳಿಗೆ ಬಳಸುವುದು. ಅವಳಿಗೆ ಅರ್ಥವಾಯಿತು. ನಕ್ಕಳು.

ಹುಡುಗಿ ಆದಿಲಕ್ಷ್ಮಿ. ಶ್ರೀರಾಮಪ್ಪನ ಎರಡನೇ ಹೆಂಡತಿ ಅನಸೂಯಳ ಮಗಳು. ಅನಸೂಯ ಬೇರೆ ಯಾರೂ ಅಲ್ಲ, ಶ್ರೀರಾಮಪ್ಪನ ಅಕ್ಕನ ಮಗಳೇ. ನಮ್ಮ ಅಕ್ಕ ಆಚೆ ಬಂದ ವರ್ಷವೇ ಆ ಮದುವೆ. ಈ ಸಲ ಹೊರಗಿನ ರಕ್ತ ಬೇಡ, ಮನೆ ಮಗಳೇ ಸಾಕು ಎಂದು ಅತ್ತೆ ತಂದುಕೊಂಡದ್ದು.

"ಆರ್ನೇ ಕ್ಲಾಸು. ಅಕ್ಸರ ಎಲ್ಲಾ ಇರುವೆ ಅರ್ದಂಗೆ ಬರೀತವ್ಳೆ. ಚೊಂಬು ಕೊಟ್ರೆ ಬೀಳ್ಸ್ತಾಳೆ. ಕಣ್ಣು ಕಾಣ್ಸಲ್ಲ, ತೋರ್ಸಿ ಅಂದ್ರು ಮೇಷ್ಟ್ರು. ಸಿಟ್ಟು ಬೇರೆ. ಮೊನ್ನೆ ಅವರಮ್ಮನ್ನೇ ಒಡೆಯೋಕೆ ಓಗವ್ಳೆ."

"ಅಜ್ಜೀ, ಅದೂ ಕಣ್ಣಿಗೆ ಸೇರಿದ್ದಾ?" ಎಂದಳು ಹುಡುಗಿ.

ಚಾರ್ಟು ಓದಿಸಿದೆ. ಕಟ್ಟಕಡೆಯ ಸಾಲು, ನಾನೇ ಕಣ್ಣು ಕಿರಿದು ಮಾಡಿ ಓದುವ ಸಾಲು, ಗಡಗಡ ಓದಿಬಿಟ್ಟಳು. ದೃಷ್ಟಿಯಲ್ಲಿ ಏನೂ ಕೊರತೆಯಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಅವಳ ಬಲಗೈ ತೊಡೆಯ ಮೇಲೆ ಸುಮ್ಮನೆ ಇರುತ್ತಿರಲಿಲ್ಲ. ನೋಡಿದ್ದೆ ನಾನು ಅಂಥ ಕೈ.

ಟಾರ್ಚು ಪಕ್ಕದಿಂದ ಹಿಡಿದೆ. ಭೂತಗನ್ನಡಿ ಇಟ್ಟೆ. ಕರಿಯಾಲಿಯ ಅಂಚಿನಲ್ಲಿ, ಮೇಲೊಂದು ಕೆಳಗೊಂದು ಗೆರೆ. ತಿಕ್ಕದೆ ಬಿಟ್ಟ ಹಳೇ ಕಂಚಿನ ಬಣ್ಣ. ಎರಡೂ ಕಣ್ಣಲ್ಲಿ.

"ಕನ್ನಡಕ ಬೇಕು. ಶನಿವಾರ ಬನ್ನಿ" ಎಂದೆ.

೫ ಮಾರ್ಚ್

ಅಕ್ಕನಿಗೆ ಹೇಳಿಲ್ಲ. ಅವಳಿಗೆ ಅತ್ತೆ ಬಂದದ್ದೂ ಗೊತ್ತಿಲ್ಲ. ಸಾರಿಗೆ ಉಪ್ಪು ಸಾಕಾ ಎಂದು ಕೇಳಿದಳು. ಸಾಕು ಎಂದೆ.

ಬರೆದಿಡಬೇಕು. ಇಲ್ಲದಿದ್ದರೆ ಇದನ್ನೂ ಸವೆಸಿಬಿಡುತ್ತೇನೆ.

ಕೋದಂಡನಿಗೂ ಹೀಗೆಯೇ ಶುರುವಾಯಿತು. ಹನ್ನೆರಡು ತುಂಬುವವರೆಗೆ ಚುರುಕು ಹುಡುಗ. ಆಮೇಲೆ ಅಕ್ಷರ ಕೆಟ್ಟಿತು. ಊಟಕ್ಕೆ ಕೂತರೆ ಮುದ್ದೆ ಬಾಯಿಗೆ ಹೋಗುವ ಬದಲು ಕೆನ್ನೆಗೆ ಹೋಗುತ್ತಿತ್ತು. ಸುಮ್ಮಸುಮ್ಮನೆ ಸಿಟ್ಟು. ಸಾವಿನ ಮನೆಯಲ್ಲಿ ನಗು. ತುಟಿಯ ಮೂಲೆಯಲ್ಲಿ ಜೊಲ್ಲು. ಅವನಿಗೆ ಯಾರೂ ಕನ್ನಡಕ ಕೊಡಿಸಲಿಲ್ಲ. ಅವನ ಕಣ್ಣು ಕೆಟ್ಟಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಹುಚ್ಚು ಎಂದರು. ಅತ್ತೆ ಪೂಜಾರಿಯನ್ನು ಕರೆಸಿದಳು. ಕತ್ತಿನ ಹಿಂದೆ ಬರೆ ಹಾಕಿಸಿದಳು. ಕುಡುಗೋಲು ಕಾಯಿಸಿ. ಹಿಡಿದುಕೊಂಡವನು ಅವನ ಅಪ್ಪ.

ಆಮೇಲೆ ಆ ಮಾತು. ಹಿತ್ತಿಲಲ್ಲಿ, ನಮ್ಮ ಅಮ್ಮನ ಎದುರಿಗೆ. ಅಮ್ಮ ಕುಪ್ಪಂ ಕಡೆಯವಳು, ಸಂಬಂಧವಿಲ್ಲದ ಮನೆಯಿಂದ ಬಂದವಳು. ನಮ್ಮ ಪೈಕಿಯಲ್ಲಿ ಹಾಗೆ ಬಂದವಳು ಅವಳೊಬ್ಬಳೇ. ಕೆಟ್ಟದ್ದೆಲ್ಲ ಅವಳಿಂದಲೇ ಬಂದಿರಬೇಕು ಎಂದು ಸುಲಭವಾಗಿ ಹೇಳಬಹುದಿತ್ತು. ಅತ್ತೆ ಹೇಳಿದಳು. ಊರು ತಲೆಯಾಡಿಸಿತು. ಅಮ್ಮ ಅಲ್ಲಿಂದ ಬಂದವಳು ಮತ್ತೆ ಯಾರ ಮನೆಯ ಶುಭಕ್ಕೂ ಹೋಗಲಿಲ್ಲ. ಆ ನಾಚಿಕೆಯಲ್ಲೇ ಹೋದಳು.

ಕೋದಂಡ ಹೋದದ್ದು ಬಂಗಾರಪೇಟೆಯ ಈ ಮನೆಯಲ್ಲಿ, ೧೯೫೩ರಲ್ಲಿ. ಕೊನೆಯ ದಿನಗಳಲ್ಲಿ ಊರಿಗಾಂನ ಡಾಕ್ಟರ್ ಡಿಕ್ರೂಜ್ ಬಂದು ನೋಡಿದರು. ಅವರು ಕಣ್ಣಿನ ಡಾಕ್ಟರು. ಅವರ ಚೀಟಿಗಳಿಗೆ ಕನ್ನಡಕ ಮಾಡಿಕೊಡುವವನು ನಾನು, ಆ ಸಲಿಗೆಯಿಂದ ಬಂದರು. ಟಾರ್ಚು ಹಿಡಿದು ಅಕ್ಕನಿಗೂ ನನಗೂ ಕರಿಯಾಲಿಯ ಸುತ್ತಿನ ಕಂಚುಬಣ್ಣದ ಉಂಗುರ ತೋರಿಸಿದರು. ಇದು ತಾಮ್ರ ಎಂದರು. ಊಟದಲ್ಲಿ ಎಲ್ಲರಿಗೂ ಹೋಗುವ ತಾಮ್ರ ಇವನಿಗೆ ಆಚೆ ಹೋಗುವುದಿಲ್ಲ. ಲಿವರಿನಲ್ಲಿ ತುಂಬಿ, ಮಿದುಳಿನ ಬುಡದಲ್ಲಿ ತುಂಬಿ, ಕಣ್ಣಿನ ಅಂಚಿನಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಸಿಟ್ಟು, ನಗು, ನಡುಕ ಎಲ್ಲ ಅದೇ. ಹುಚ್ಚಲ್ಲ, ದೆವ್ವವಲ್ಲ. ಹುಟ್ಟಿನಿಂದ ಬಂದದ್ದು. ತಡವಾಗಿದೆ ಎಂದರು.

ಈಗ ಅದು ಅವರ ಮನೆಯಲ್ಲಿ. ಕುಪ್ಪಂನ ಒಂದು ತೊಟ್ಟೂ ಇಲ್ಲದ ಮಗುವಿನಲ್ಲಿ.

ಸಂತೋಷವಾಗಿದೆ. ಬೇರೆ ಪದ ಹುಡುಕಿದೆ. ಸಿಗಲಿಲ್ಲ.

೭ ಮಾರ್ಚ್, ಶನಿವಾರ

ಗಾಜು ಕತ್ತರಿಸಿದೆ. ಪವರ್ ಇಲ್ಲದ್ದು. ಕಿಟಕಿಗೆ ಹಾಕುವ ಗಾಜಿಗೂ ಅದಕ್ಕೂ ವ್ಯತ್ಯಾಸ ಬೆಲೆಯಲ್ಲಿ ಮಾತ್ರ. ಅಂಚು ಚೆನ್ನಾಗಿ ಉಜ್ಜಿದೆ. ಫ್ರೇಮು ಒಳ್ಳೆಯದೇ ಹಾಕಿದೆ, ಕಂದು ಬಣ್ಣದ್ದು. ಕೆಲಸದಲ್ಲಿ ಯಾರೂ ಬೆರಳು ತೋರಿಸಬಾರದು.

ಹುಡುಗಿ ಹಾಕಿಕೊಳ್ಳಲು ಹೋಗಿ ಕಡ್ಡಿ ಕಿವಿಗೆ ಸಿಗದೆ ಕೆನ್ನೆಗೆ ಚುಚ್ಚಿಕೊಂಡಳು. ನಾನೇ ಹಾಕಿದೆ.

"ಮಾವಾ, ಇದಾಕ್ಕೊಂಡು ಕ್ಲಾಸಿಗೆ ಓದ್ರೆ ಟೀಚರಮ್ಮ ಎದ್ದು ನಿಂತ್ಕೊಂತಾರಾ?"

"ಯಾಕೆ?"

"ಇನ್ಸ್‌ಪೆಕ್ಟರು ಬಂದ್ರು ಅನ್ಕೊಂಡು."

ಕನ್ನಡಿ ಕೈಗೆ ಕೊಟ್ಟೆ. ಮೂಗು ಸೊಟ್ಟ ಮಾಡಿದಳು, ಹುಬ್ಬು ಎತ್ತಿದಳು, ಇನ್ಸ್‌ಪೆಕ್ಟರರ ಹಾಗೆ ನನ್ನನ್ನೇ ಪ್ರಶ್ನೆ ಕೇಳಿದಳು. ಒಂಬತ್ತೊಂಬತ್ಲೆ ಎಷ್ಟು, ತುಂಗಭದ್ರಾ ಎಲ್ಲಿ ಹುಟ್ಟುತ್ತೆ. ಬಾಯಿ ತುಂಬ ಮಾತು.

ಮಾವ ಎನ್ನುತ್ತಾಳೆ. ಯಾರು ಹೇಳಿಕೊಟ್ಟರೋ.

ಅತ್ತೆ ಸೆರಗಿನ ಗಂಟು ಬಿಚ್ಚಲು ಹೋದಳು. ಬೇಡವೆಂದೆ. "ನಮ್ಮೋನು ನಮ್ಮೋನೇ ಕಣೇ ಆದೀ" ಎಂದಳು ಮೊಮ್ಮಗಳಿಗೆ. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಬೆಳೆಯಲಿ. ಕ್ಯಾಸಂಬಳ್ಳಿಯ ಪ್ರತಿ ಮನೆಗೂ ಕಾಣುವಷ್ಟು ಬೆಳೆಯಲಿ. ಆಮೇಲೆ ಹೋಗಿ ಹೇಳುತ್ತೇನೆ, ಅರಳಿಕಟ್ಟೆಯಲ್ಲಿ ನಿಂತು, ಇದು ಯಾರ ರಕ್ತ ಎಂದು.

೧೮ ಮಾರ್ಚ್, ಬುಧವಾರ

ಊರಿಗಾಂಗೆ ಬುಧವಾರದ ರೈಲು. ತಯಾರಾದ ಕನ್ನಡಕಗಳ ಪೆಟ್ಟಿಗೆ ತೊಡೆಯ ಮೇಲೆ. ಎದುರಿಗೆ ನಂದಿದುರ್ಗ ಗಣಿಯ ಕೂಲಿ ಲೈನಿನ ಆರುಮುಗಂ, ಗಣಿಯಲ್ಲಿ ಡ್ರಿಲ್ ಹಿಡಿಯುವವನು. ಹೋದ ತಿಂಗಳು ಮಾಡಿಕೊಟ್ಟ ಕನ್ನಡಕ ತೆಗೆದು ತೋರಿಸಿದ.

"ಸಾರ್, ಇದಾಕ್ಕೊಂಡ್ರೆ ಹೆಂಡ್ತಿ ರೆಂಡಾ ಕಾಣ್ತಾಳೆ. ಒಬ್ಬಳಿಗೇ ಸಂಬಳ ಸಾಲಲ್ಲ."

"ದೂರಕ್ಕೆ ಹಾಕಬೇಡ, ಓದೋಕೆ ಮಾತ್ರ."

"ಅವಳನ್ನ ಓದೋಕೆ ಯಾರಿಂದ ಮುಡಿಯುಂ ಸಾರ್, ಆಗಲ್ಲ."

ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ಈ ನಡುವೆ ಸುಲಭವಾಗಿ ನಗುತ್ತಿದ್ದೇನೆ.

ಡಾಕ್ಟರ್ ಡಿಕ್ರೂಜ್ ಕನ್ನಡಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವರು ಚಹಾ ತರಿಸಿದಾಗ ಕೇಳಿದೆ. ಕೋದಂಡನ ಕಾಯಿಲೆ ನೆನಪಿದೆಯಾ, ಅದು ಯಾವ ಕಡೆಯಿಂದ ಬಂತು ಎಂದು ಹೇಳಬಹುದಾ. ಹಳೇ ವಿಷಯ, ಸುಮ್ಮನೆ ತಿಳಿದುಕೊಳ್ಳಲು.

ಅವರು ನನ್ನ ಪೆಟ್ಟಿಗೆಯಿಂದ ತಿಳಿ ಹೊಗೆಬಣ್ಣದ ಎರಡು ಗಾಜು ತೆಗೆದರು. ಒಂದನ್ನು ಕಿಟಕಿಗೆ ಹಿಡಿದರು. "ಕಾಣುತ್ತಾ?" ಕಾಣುತ್ತಿತ್ತು. ಹೊರಗಿನ ನೀಲಗಿರಿ ಮರ, ಅದರಾಚೆಯ ಬೂದುಮಣ್ಣಿನ ಗುಡ್ಡ. "ಒಂದೇ ಇದ್ದವನಿಗೆ ಜೀವಮಾನವಿಡೀ ಏನೂ ಆಗಲ್ಲ. ಇದೆ ಅಂತಲೇ ಗೊತ್ತಾಗಲ್ಲ." ಎರಡನೆಯದನ್ನು ಅದರ ಮೇಲಿಟ್ಟರು. ಕತ್ತಲೆ. "ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಒಂದೇ ಮಗುವಿಗೆ ಬಂದರೆ ಮಾತ್ರ. ನಿಮ್ಮ ಅಕ್ಕನ ಗಂಡ ಏನಾಗಬೇಕು ನಿಮಗೆ?"

"ಸೋದರತ್ತೆಯ ಮಗ."

"ಹಾಗಾದರೆ ಅವನಿಗೂ ನಿಮ್ಮ ಅಕ್ಕನಿಗೂ ಸೇರುವ ಜಾಗ?"

"ನಮ್ಮ ತಾತ. ಅಪ್ಪನ ಅಪ್ಪ."

"ತಾತನೋ ಅಜ್ಜಿಯೋ. ಅಲ್ಲಿಂದ ನಿಮ್ಮ ಅಪ್ಪನಿಗೆ ಒಂದು ಗಾಜು, ಅವರ ತಂಗಿಗೆ ಒಂದು ಗಾಜು. ತಂಗಿ ಅದನ್ನ ಕಟ್ಟಿಕೊಂಡು ಗಂಡನ ಮನೆಗೆ ಹೋದರು."

"ನಮ್ಮ ಅಮ್ಮ? ಅವಳು ಹೊರಗಿನವಳು."

"ಹೊರಗಿನವರು ಅಂದಿರಿ. ಅವರಿಗೂ ಇದಕ್ಕೂ ಸಂಬಂಧ ಇರೋದು ಅನುಮಾನ."

ಚಹಾ ಆರಿಹೋಗಿತ್ತು. ಆದರೂ ಕುಡಿದೆ. ಅವಳು. ಅತ್ತೆ. ಬೆರಳು ತೋರಿಸಿದವಳ ಮೈಯಲ್ಲೇ ಇತ್ತು. ಮಗನಿಗೆ ಕೊಟ್ಟಳು, ಮಗಳಿಗೆ ಕೊಟ್ಟಳು. ಆ ಮಗಳು ಅನಸೂಯಳಿಗೆ ಕೊಟ್ಟಳು. ಆಮೇಲೆ ತಾನೇ ಕೂತು ಮಗನನ್ನೂ ಅನಸೂಯಳನ್ನೂ ಕೂಡಿಸಿದಳು. ಬಾಯಿ ತಪ್ಪಿ ಹೇಳಿಬಿಟ್ಟೆ, ಅವನು ಎರಡನೇ ಸಲ ತನ್ನ ಅಕ್ಕನ ಮಗಳನ್ನೇ ಮಾಡಿಕೊಂಡ ಎಂದು.

ಡಾಕ್ಟರು ಗಾಜು ಕೆಳಗಿಟ್ಟರು. "ಮಕ್ಕಳಿದ್ದಾರಾ?"

"ಇಲ್ಲ."

"ಪುಣ್ಯ. ಇದ್ದಿದ್ದರೆ ನೋಡಲೇಬೇಕಿತ್ತು. ಈಗ ಔಷಧಿ ಬಂದಿದೆ ಮುನಿಯಪ್ಪ, ಆಗ ನಮಗೆ ಸಿಗದಿದ್ದದ್ದು. ಕ್ಯಾಪ್ಸೂಲು. ತಾಮ್ರಾನ ಮೂತ್ರದಲ್ಲಿ ಎಳೆದು ಹಾಕುತ್ತೆ. ಹೊರದೇಶದಿಂದ ಬರಬೇಕು, ಮದರಾಸಿನಲ್ಲಿ ನನ್ನ ಸಹಪಾಠಿ ತರಿಸುತ್ತಾನೆ. ಬೇಗ ಕೊಟ್ಟರೆ ಮಕ್ಕಳು ಎದ್ದು ಓಡಾಡುತ್ತಾರೆ. ತಡವಾದರೆ ಕೆಟ್ಟ ಭಾಗ ಕೆಟ್ಟದ್ದೇ."

ಎಷ್ಟು ತಡ ಎಂದು ಕೇಳಬೇಕೆನ್ನಿಸಿತು. ಮಕ್ಕಳಿಲ್ಲ ಎಂದವನು ಅದನ್ನು ಹೇಗೆ ಕೇಳುವುದು.

ಎದ್ದಾಗ ಹೇಳಿದೆ, ನನ್ನ ಕಣ್ಣೂ ಒಮ್ಮೆ ನೋಡಿಬಿಡಿ. ಮೆಷಿನ್ನಿಗೆ ಗಲ್ಲ ಇಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. "ಏನೂ ಇಲ್ಲ. ಕ್ಲೀನ್."

೧೯ ಮಾರ್ಚ್

ಕ್ಲೀನ್.

ಉಂಗುರ ಇದ್ದಿದ್ದರೆ ಚೆನ್ನಾಗಿತ್ತು. ಕೋದಂಡ ಅಜ್ಜಿಯ ಮುಖಕ್ಕೆ ಬಿಸಿ ಮುದ್ದೆ ಎಸೆದದ್ದು ತಾಮ್ರ ಎಂದರು. ಆದಿ ಅಮ್ಮನ ಮೇಲೆ ಕೈ ಎತ್ತಿದ್ದೂ ತಾಮ್ರವೇ. ನಿನ್ನೆ ನಾನು "ಇಲ್ಲ" ಎಂದದ್ದು? ಅದಕ್ಕೆ ಯಾವ ಲೋಹ? ಮಿದುಳಿನ ಯಾವ ಬುಡದಲ್ಲಿ ತುಂಬಿದೆ ಅದು? ಸಿಟ್ಟು ಎಲ್ಲಿಂದ ಬರುತ್ತದೆ ಎಂದು ಕೋದಂಡನ ಕಣ್ಣಲ್ಲಿ ತೋರಿಸಿದ ಹಾಗೆ ನನ್ನ ಕಣ್ಣಲ್ಲೂ ಯಾರಾದರೂ ಟಾರ್ಚು ಹಿಡಿದು ತೋರಿಸಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು.

ಇನ್ನೊಂದು ವಿಷಯ. ಅವರ ರಕ್ತ ಎಂದು ತೋರಿಸಲು ಹೋದೆ. ಅತ್ತೆಯದೇ, ಸರಿ. ಅತ್ತೆ ಹುಟ್ಟಿದ್ದು ಯಾರ ಮನೆಯಲ್ಲಿ? ನಮ್ಮಲ್ಲಿ ಹೆಣ್ಣನ್ನು ಹೊರಗೆ ಕೊಡುವುದಿಲ್ಲ, ಹೊರಗಿನಿಂದ ತರುವುದಿಲ್ಲ. ಹೊಲ ಒಡೆಯಬಾರದು, ಮಾತು ಹೊರಗೆ ಹೋಗಬಾರದು. ಅವರ ಮನೆ ನಮ್ಮ ಮನೆ ಎಂದು ಬಡಿದಾಡಿದ್ದು ಒಂದೇ ಮನೆ. ಈ ರಕ್ತಕ್ಕೆ ಸೇರದವಳು ಅಮ್ಮ ಒಬ್ಬಳು. ಅವಳನ್ನೇ ಹಿಡಿದುಕೊಂಡರು.

ಇದರಿಂದ ಏನೂ ಬದಲಾಗುವುದಿಲ್ಲ. ಬರೆ ಹಾಕಿದ್ದು ರಕ್ತವಲ್ಲ, ಕೈ. ಆ ಮಾತು ಆಡಿದ್ದು ಬಾಯಿ.

೨ ಏಪ್ರಿಲ್

ಕ್ಯಾಸಂಬಳ್ಳಿಯ ಬಸ್ಸಿನ ಕಂಡಕ್ಟರು ಸುದ್ದಿ ಹೇಳಿದ. ಶ್ರೀರಾಮಪ್ಪನ ಮಗಳು ಮೇಷ್ಟರಿಗೆ ಸ್ಲೇಟು ಎಸೆದಳಂತೆ. ಸ್ಕೂಲು ಬಿಡಿಸಿದರಂತೆ. "ಚೆನ್ನಾಗಿದ್ದ ಹುಡ್ಗಿ ಸ್ವಾಮಿ. ತಲೆ ಕೆಟ್ಟೋಗದೆ ಅಂತವ್ರೆ. ಮೊದಲ್ನೇ ಎಂಡ್ತಿ ಮಗಂಗೂ ಇಂಗೇ ಆಗಿತ್ತಂತೆ."

"ಯಾರ ಕಡೆಯಿಂದ ಬಂತಂತೆ?" ಕೇಳಿದೆ.

"ಯಾರಿಗೊತ್ತು ಸ್ವಾಮಿ."

ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ ದಿನಕ್ಕೆ ಗೊತ್ತಾಗುತ್ತದೆ.

೧೩ ಏಪ್ರಿಲ್, ಯುಗಾದಿ

ಅಕ್ಕ ಒಬ್ಬಟ್ಟು ಮಾಡಿದ್ದಳು. ಮೊದಲನೆಯದನ್ನು ತಟ್ಟೆಗೆ ಹಾಕಿ ಗೂಡಿನಲ್ಲಿ ಇಡುತ್ತಾಳೆ. ಯಾರಿಗೆಂದು ಹೇಳುವುದಿಲ್ಲ. ನಾನು ಕೇಳುವುದಿಲ್ಲ.

"ನೀನು ಈ ನಡುವೆ ಖುಷಿಯಾಗಿದ್ದೀಯ ಕಣ್ಲಾ. ಯಾವುದಾನಾ ಹೆಣ್ಣು ನೋಡಿದ್ಯಾ?"

"ಈ ವಯಸ್ಸಿಗಾ."

"ಇನ್ನೇನು, ಅಂಗಡೀಲಿ ಒಬ್ಬನೇ ನಗ್ತಿರ್ತಾನೆ ಅಂತ ಪಕ್ಕದ ಗಿರಣಿಯೋನು ಅಂದ. ಹೆಣ್ಣಿಲ್ದಿದ್ರೆ ಹುಚ್ಚು."

ಹೇಳಿ ಒಲೆಯ ಕಡೆ ತಿರುಗಿದಳು. ಈ ಮನೆಯಲ್ಲಿ ಆ ಪದ ಆಡುವುದಿಲ್ಲ.

೧೯ ಏಪ್ರಿಲ್, ಭಾನುವಾರ

ಬಂದರು. ಅಂಗಡಿಗಲ್ಲ, ಮನೆಗೆ.

ಅತ್ತೆ ಹೊಸ್ತಿಲಾಚೆ ನಿಂತಿದ್ದಳು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹಸಿರು ಸೀರೆ, ಬಳೆ, ಅರಿಶಿನ, ಕುಂಕುಮ. ಹಿಂದೆ ಆದಿ, ನಾನು ಕೊಟ್ಟ ಕನ್ನಡಕ ಹಾಕಿಕೊಂಡು. ಒಂದು ಕಾಲು ಎಳೆಯುತ್ತಿದ್ದಳು. ತುಟಿ ಸ್ವಲ್ಪ ತೆರೆದೇ ಇತ್ತು, ನಗುತ್ತಿರುವವಳ ಹಾಗೆ. ಅಕ್ಕ ಅಡಿಗೆಮನೆಯಿಂದ ಬಂದು ಅವರನ್ನು ನೋಡಿ ಗೋಡೆ ಹಿಡಿದುಕೊಂಡಳು.

"ಒಳಗೆ ಕರೀದಿದ್ರೂ ಪರವಾಗಿಲ್ಲ ಗಂಗಾ" ಎಂದಳು ಅತ್ತೆ. "ಇಲ್ಲೇ ನಿಂತ್ಕೊಂಡು ಕೇಳ್ತೀನಿ. ನೀನಾಕಿದ ಶಾಪ ತೆಗ್ದುಬಿಡು."

ಅಕ್ಕ ಗೋಡೆ ಬಿಡಲಿಲ್ಲ.

"ಆ ದಿನ ನಿನ್ ಮಗನ್ನ ಎತ್ಕೊಂಡು ಓಗ್ಬೇಕಾದ್ರೆ ಬಾಗ್ಲಲ್ಲಿ ತಿರುಗಿ ನೋಡ್ದೆ ನೀನು. ಆ ನೋಟ ಇವಳಿಗೆ ತಗಲ್ಕೊಂಡದೆ. ಇನ್ಯಾರಿಗೂ ಅಲ್ಲ, ಈ ಮಗೀಗೆ. ನನ್ಗೆ ತಗಲ್ಬಾರದಾಗಿತ್ತಾ. ಸೀರೆ ತಂದಿವ್ನಿ. ಕಾಲ್ ಇಡೀ ಅಂದ್ರೆ ಇಡೀತೀನಿ."

ಇದೇ ನಾನು ಕಾದದ್ದು. ಇದೇ ಹೆಂಗಸು, ನಮ್ಮ ಬಾಗಿಲಲ್ಲಿ, ತಲೆ ತಗ್ಗಿಸಿ. ಆದರೆ ಕಾರಣ ತಪ್ಪಾಗಿತ್ತು. ಅಕ್ಕನ ಶಾಪವಂತೆ. ಆಗ ಅಮ್ಮನ ರಕ್ತ, ಈಗ ಅಕ್ಕನ ನೋಟ. ಎಲ್ಲ ತಪ್ಪೂ ಇನ್ನೂ ನಮ್ಮ ಕಡೆಯೇ. ಬಾಯಿ ತೆರೆದೆ, ಎಲ್ಲ ಹೇಳಿಬಿಡಲು — ಅದು ಶಾಪವಲ್ಲ, ನೀನು, ನಿನ್ನ ಮೈ. ಆದರೆ ಹೇಳಿದ ಗಳಿಗೆಯಲ್ಲಿ ಈ ತಲೆ ಮತ್ತೆ ಎತ್ತಿಕೊಳ್ಳುತ್ತದೆ. ಸುಮ್ಮನಾದೆ. ನೋಡುತ್ತಿರೋಣ ಎನ್ನಿಸಿತು. ಇನ್ನೂ ಸ್ವಲ್ಪ ಹೊತ್ತು ತಗ್ಗಿರಲಿ.

"ನಾನು ಶಾಪ ಹಾಕಂಗಿದ್ರೆ ನಿಮ್ಮ ಬಾವಿ ಬತ್ತಿಸ್ತಿದ್ದೆ ಅತ್ತೆ" ಎಂದಳು ಅಕ್ಕ. "ಹುಡ್ಗಿ ಕೈಯಿ ಯಾಕೆ ನಡುಗಿಸ್ಲಿ."

ಹೇಳುತ್ತಲೇ ಆ ಕೈ ನೋಡಿದಳು. ಹೊಸ್ತಿಲು ದಾಟಿ ಹೋಗಿ ಹಿಡಿದಳು. ಬೆರಳು ಬಿಡಿಸಿದಳು. ಅವು ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಂಡವು.

"ಹೆಸರೇನಮ್ಮ?"

ಹುಡುಗಿ ಹೇಳಿದಳು. ಬರಲಿಲ್ಲ. ನಾಲಿಗೆ ಹಲ್ಲಿನ ಹಿಂದೆಯೇ ತಿರುಗಿ ನಿಂತಿತು. ಇನ್ನೊಮ್ಮೆ ಯತ್ನಿಸಿದಳು. ಬಾಯಿಯಿಂದ ಜೊಲ್ಲು ಬಂತು. ಲಂಗದಿಂದ ಒರೆಸಿಕೊಂಡು ನನ್ನ ಕಡೆ ನೋಡಿದಳು, ನೀನು ಹೇಳು ಎನ್ನುವಂತೆ.

"ನಾಳಿದ್ದು ಪೂಜಾರಿ ಬತ್ತಾನೆ" ಎಂದಳು ಅತ್ತೆ. "ಬರೆ ಆಕ್ಸೋಕೆ ದಿನ ಇಟ್ಟವ್ರೆ. ಅದಕ್ಕೇ ಮುಂಚೆ ನಿನ್ ಕೇಳ್ಕೊಂಡು ಓಗಾಣ ಅಂತ ಬಂದೆ."

ಅಕ್ಕ ಒಳಗೆ ಹೋದಳು. ನನ್ನ ಪೆಟ್ಟಿಗೆಯಿಂದ ಟಾರ್ಚು, ಭೂತಗನ್ನಡಿ ತಂದಳು. ಹುಡುಗಿಯ ಕನ್ನಡಕ ತೆಗೆದಳು. ಗಲ್ಲ ಎತ್ತಿ ಟಾರ್ಚು ಪಕ್ಕದಿಂದ ಹಿಡಿದಳು, ಡಾಕ್ಟರು ಅವತ್ತು ಹಿಡಿದ ಹಾಗೆಯೇ. ಒಂದು ಕಣ್ಣು. ಇನ್ನೊಂದು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೆನ್ನು ಅಲುಗಲಿಲ್ಲ.

ಆಮೇಲೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಗೋಡೆಯ ಕ್ಯಾಲೆಂಡರಿಗೆ ಹಿಡಿದು ಅದರೊಳಗಿಂದ ನೋಡಿದಳು. ಹತ್ತಿರ ತಂದಳು. ದೂರ ಮಾಡಿದಳು. ಅಕ್ಷರ ದೊಡ್ಡದೂ ಆಗಲಿಲ್ಲ, ಚಿಕ್ಕದೂ ಆಗಲಿಲ್ಲ. ಇಷ್ಟು ವರ್ಷ ನನ್ನ ಜೊತೆ ಇದ್ದವಳು. ಅಷ್ಟು ಗೊತ್ತು ಅವಳಿಗೆ. ನನ್ನ ಕಡೆ ತಿರುಗಿದಳು.

"ಯಾಕಮ್ಮಾ, ಕನ್ನಡಕ ಸರಿ ಇಲ್ವಾ?" ಅತ್ತೆ ಕೇಳಿದಳು.

"ಅಳತೆ ಸರಿ ಇಲ್ಲ ಅತ್ತೆ." ನನ್ನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. "ಇದನ್ನ ನೀನೇ ಇಟ್ಕೋ" ಎಂದು ನನ್ನ ಕೈಗೆ ಕೊಟ್ಟಳು.

ಆಮೇಲೆ ಅತ್ತೆಯ ತಟ್ಟೆ ತೆಗೆದುಕೊಂಡಳು. ಕುಂಕುಮ ಇಟ್ಟುಕೊಂಡಳು. "ಶಾಪ ತೆಗ್ದೆ. ಆದ್ರೆ ಬಾಯಲ್ಲಿ ತೆಗ್ದ್ರೆ ಸಾಲಲ್ಲ. ಪೂಜಾರಿ ಬೇಡ. ನಾಳೆ ಬೆಳಗ್ಗೆ ಇವಳನ್ನ ನಾನು ಒಂದು ಕಡೆ ಕರ್ಕೊಂಡು ಹೋಗ್ತೀನಿ, ನೀವೂ ಬನ್ನಿ. ಅವರು ಕೊಟ್ಟಿದ್ದನ್ನ ನಾನು ಹೇಳಿದಂಗೆ ನುಂಗ್ಬೇಕು. ಒಂದು ಹೊತ್ತು ತಪ್ಪಿದ್ರೂ ಶಾಪ ವಾಪಸ್ ಬತ್ತದೆ."

"ನೀನಂದಂಗೆ ಕಣವ್ವಾ."

"ಚಿಕ್ಕೋನೂ ಇದಾನಲ್ಲ ನಿಮ್ಮನೇಲಿ, ಇವಳ ತಮ್ಮ. ಅವನನ್ನೂ ಕರ್ಕೊಂಡು ಬನ್ನಿ."

೨೦ ಏಪ್ರಿಲ್

ಮೊದಲ ರೈಲಿಗೆ ಹೋದಳು. ಕಾಫಿ ಮಾಡಿಟ್ಟಿದ್ದಳು. ಬಾಗಿಲು ಸದ್ದಾಗದ ಹಾಗೆ ಹಾಕಿಕೊಂಡಳು. ಸ್ಟೇಷನ್ನಿಗೆ ಹೋಗಿ ಹಿಂದೆಯೇ ಹತ್ತಬೇಕೆಂದುಕೊಂಡೆ. ಅಂಗಡಿ ತೆರೆದೆ.

೬ ಮೇ, ಬುಧವಾರ

ಪೆಟ್ಟಿಗೆ ಬಿಚ್ಚಲು ಡಾಕ್ಟರು ಬಿಡಲಿಲ್ಲ.

"ಮಕ್ಕಳಿಲ್ಲ ಅಂದಿರಿ."

"ಅಂದೆ."

"ಇನ್ನು ಮುಂದೆ ಕನ್ನಡಕಗಳನ್ನ ಯಾರ ಕೈಲಾದರೂ ಕಳಿಸಿ ಮುನಿಯಪ್ಪ. ನೀವು ಬರೋದು ಬೇಡ."

ಬೈದಿದ್ದರೆ ಒಳ್ಳೆಯದಿತ್ತು. ಬಾಗಿಲವರೆಗೆ ಹೋದವನು ನಿಂತು ಕೇಳಿದೆ, ಹುಡುಗಿ ಹೇಗಿದ್ದಾಳೆ ಎಂದು. ಕ್ಯಾಪ್ಸೂಲು ಬಂದಿದೆ ಎಂದರು. ಚಿಕ್ಕವನಿಗೆ ಏನೂ ಇಲ್ಲ. ಮನೆಯಲ್ಲಿ ತಾಮ್ರದ ಪಾತ್ರೆ ಬಳಸಬಾರದು, ಕಡಲೆಕಾಯಿ ಕೊಡಬಾರದು. ಹುಡುಗಿ ನಿಮ್ಮ ಅಕ್ಕ ಕೊಟ್ಟರೆ ಮಾತ್ರ ನುಂಗುತ್ತಾಳೆ ಎಂದರು. ರಕ್ತದ ವಿಷಯ ಆ ಮುದುಕಿಗೆ ಬಿಡಿಸಿ ಹೇಳಿದಿರಾ ಎಂದೆ. ಹೇಳಿದರಂತೆ. ಅವಳು ತಲೆಯಾಡಿಸಿ, ಅದೆಲ್ಲಾ ನಿಮಗೆ ಗೊತ್ತಿರೋ ಭಾಷೆ ಸ್ವಾಮಿ, ನಮ್ಗೆ ನಮ್ ಗಂಗ ಬಾಯ್ಬಿಟ್ಟು ಅಂದಳಲ್ಲ ಅಷ್ಟು ಸಾಕು ಅಂದಳಂತೆ.

ಅಷ್ಟೇ. ಹದಿಮೂರು ವರ್ಷ ಕಾದದ್ದು ಹೀಗೆ ಮುಗಿಯಿತು. ಅರಳಿಕಟ್ಟೆಯೂ ಇಲ್ಲ, ಊರೂ ಇಲ್ಲ. ಅವಳ ರಕ್ತ ಎಂದು ಅವಳ ಕಿವಿಗೆ ಬಿದ್ದೂ ಬೀಳಲಿಲ್ಲ. ಅಕ್ಕ ನನ್ನ ಕೈಯಿಂದ ಕಿತ್ತುಕೊಂಡು ಅವರ ತಟ್ಟೆಗೆ ಬಡಿಸಿದಳು. ಈಗ ಇರುವುದೂ ಅಲ್ಲೇ, ಬರೆ ಹಾಕಿದ ಆ ಮನೆಯಲ್ಲಿ, ಮಗನನ್ನು ಅದುಮಿ ಹಿಡಿದವನ ಸೂರಿನಡಿ. ಬಟ್ಟೆಗೆ ಹೇಳಿ ಕಳಿಸಿದ್ದಳು. ಕಂಡಕ್ಟರ ಕೈಯಲ್ಲಿ ಕಳಿಸಿದೆ. ನನಗೆಂದು ಒಂದು ಮಾತೂ ಬರಲಿಲ್ಲ.

ಕ್ಷಮಿಸಿದ್ದಾಳೆ ಅವರನ್ನು. ಇಲ್ಲ, ಕ್ಷಮಿಸಿಲ್ಲ, ನನಗೆ ಗೊತ್ತು ಅವಳು. ಅವಳಿಗೆ ಅದಕ್ಕಿಂತ ಮುಖ್ಯವಾದದ್ದು ಎದುರಿಗೆ ನಿಂತು ಜೊಲ್ಲು ಒರೆಸಿಕೊಳ್ಳುತ್ತಿತ್ತು. ನನಗೆ ಅದು ಕಾಣಲಿಲ್ಲ. ಕಂಡಿತ್ತು.

೧೧ ಜೂನ್

ಮನೆಯಲ್ಲಿ ಒಬ್ಬನೇ. ಅನ್ನ ಸೀಯಿತು. ಅತ್ತೆಯ ಮೇಲಿನ ಸಿಟ್ಟು ಹಾಗೆಯೇ ಇದೆ, ಮುಟ್ಟಿ ನೋಡಿಕೊಂಡೆ. ಕಡಿಮೆಯಾಗಿಲ್ಲ. ಅದನ್ನು ಏನು ಮಾಡುವುದೆಂದು ಮಾತ್ರ ತಿಳಿಯುತ್ತಿಲ್ಲ.

೨೩ ಜೂನ್

ಆರುಮುಗಂ ಅಂಗಡಿಗೆ ಬಂದಿದ್ದ. ಅವನ ತಂಗಿಯನ್ನು ಕ್ಯಾಸಂಬಳ್ಳಿಯ ಪಕ್ಕಕ್ಕೇ ಕೊಟ್ಟಿರುವುದಂತೆ, ಹೋಗಿ ಬಂದನಂತೆ. ನಾನು ಕೇಳಲಿಲ್ಲ. ಅವನೇ ಹೇಳಿದ.

"ನಿಮ್ಮ ಅಕ್ಕ ಕೂತ್ಕೊಂಡು ಆ ಪೊಣ್ಣಿಗೆ ಸ್ಲೇಟ್ ಮೇಲೆ ಬರೆಸ್ತಾ ಇದ್ರು ಸಾರ್. ಅ ಆ ಇ ಈ, ದಪ್ಪ ದಪ್ಪ. ಕೈ ಪರವಾಯಿಲ್ಲ. ಚೊಂಬು ಹಿಡ್ಕೊಂಡು ನೀರು ಕುಡಿತಾಳೆ. ನಡೀತಾಳೆ. ಆ ಸಿಟ್ಟೂ ಇಲ್ಲ."

"ಮಾತು?"

"ಅದಿಲ್ಲ ಸಾರ್. ಏನೋ ಅಂತಾಳೆ, ಯಾರ್ಗೂ ಪುರಿಯಲ್ಲ. ನಿಮ್ಮ ಅಕ್ಕನಿಗೆ ಮಾತ್ರ ಅರ್ಥ ಆಗುತ್ತೆ. ಅದು ಇನ್ನು ಬರೋದು ಸಂಶಯ ಅಂದ್ರಂತೆ ಡಾಕ್ಟ್ರು."

ಅವನು ಹೋದ ಮೇಲೆ ಚಾರ್ಟಿನ ಎದುರು ಕೂತೆ. ಒಂಬತ್ತೊಂಬತ್ಲೆ ಎಷ್ಟು. ತುಂಗಭದ್ರಾ ಎಲ್ಲಿ ಹುಟ್ಟುತ್ತೆ. ಉತ್ತರ ಹೇಳಿದ್ದೆನೇ ನಾನು? ನೆನಪಿಲ್ಲ.

೨೪ ಜೂನ್, ಬುಧವಾರ

ರೈಲು ಬಿಟ್ಟೆ. ಪೆಟ್ಟಿಗೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆ.

ಒಂದೇ ಒಂದು ವಿಷಯ ತಿಳಿಯಬೇಕು. ಡಾಕ್ಟರು ನನಗೆ ಹೇಳುವುದಿಲ್ಲ. ಅತ್ತೆಗೆ ಗೊತ್ತಿಲ್ಲ. ನಿನಗೆ ಹೇಳಿರುತ್ತಾರೆ, ನೀನು ಕೇಳಿರುತ್ತೀಯ. ಅಕ್ಕಾ, ಆ ಮಗುವಿನ ನಾಲಿಗೆ ಕಟ್ಟಿದ್ದು ಮೊದಲೇ ಶುರುವಾಗಿತ್ತಂತಾ, ಮಾರ್ಚ್ ತಿಂಗಳಿಗೂ ಮುಂಚೆ, ಇಲ್ಲಾ ನಾನು…